ನಂದಿ ಹತ್ತಿದವರು ಮಾಂಟ್ ವೆಂಟೂ ಹತ್ತಬಹುದಾ?

ಪ್ರಶ್ನೆ: ನನಗೆ 47 ವರ್ಷ, ಊರು ಬೆಂಗಳೂರು. ನಾಲ್ಕು ವರ್ಷದಿಂದ ರೋಡ್ ಸೈಕಲ್ ತುಳಿಯುತ್ತಿದ್ದೇನೆ. ಹದಿನೈದು ದಿನಕ್ಕೊಮ್ಮೆ ನಂದಿ ಬೆಟ್ಟ ಹತ್ತುತ್ತೇನೆ. ಕಳೆದ ವರ್ಷ ಒಂದು 200 ಕಿಮೀ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದ್ದೇನೆ. ಮಗಳು ಫ್ರಾನ್ಸಿನ ಲಿಯೋನ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರಿನಲ್ಲಿ ಅವಳನ್ನು ನೋಡಲು ಹೋದಾಗ ಐದು ದಿನ ಪ್ರೊವಾನ್ಸ್ ಕಡೆ ಹೋಗಿ, ದ್ರಾಕ್ಷಿ ತೋಟಗಳ ನಡುವೆ ಸೈಕಲ್ ತುಳಿದು, ಅಲ್ಲಿನ ಮಾಂಟ್ ವೆಂಟೂ ಬೆಟ್ಟ ಹತ್ತಬೇಕು ಅಂತ ಆಸೆ. ತೂಕ 72 ಕೆಜಿ. ಮುಂದೆ 50/34, ಹಿಂದೆ 11-28 ಹಲ್ಲಿನ ಗೇರ್. ಇಷ್ಟು ಸಾಕಾ? ಒಬ್ಬನೇ ಹೋಗಬಹುದಾ? ನಾನು ಸಸ್ಯಾಹಾರಿ, ಊಟಕ್ಕೆ ತೊಂದರೆ ಆಗುತ್ತಾ?

ಉತ್ತರ: ಕಾಲು ಸಾಕು, ಗೇರ್ ಸಾಲದು. ಚುಟುಕಾಗಿ ಹೇಳುವುದಾದರೆ ಇಷ್ಟೇ. ಆದರೆ ಚುಟುಕು ಉತ್ತರ ನಂಬಿಕೊಂಡು ವೆಂಟೂ ಹತ್ತಲು ಹೊರಟವರು ಅರ್ಧ ದಾರಿಯಲ್ಲಿ ಕೂರುತ್ತಾರೆ. ಮೊದಲ ಸಲ ನಾನೂ ಕೂತಿದ್ದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ನಿಮ್ಮ ನಂದಿಯಿಂದಲೇ ಶುರು ಮಾಡೋಣ. ಬುಡದಿಂದ ನೆತ್ತಿಗೆ ಹೆಚ್ಚುಕಡಿಮೆ 8 ಕಿಮೀ, ಏರುವುದು 450 ಮೀಟರಿನ ಆಸುಪಾಸು. ವೆಂಟೂ ಬೆಟ್ಟವನ್ನು ಬೆಡ್ವಾ ಎಂಬ ಊರಿನಿಂದ ಹತ್ತಿದರೆ ದಾರಿ 21 ಕಿಮೀ ದಾಟುತ್ತದೆ, ಏರಿಕೆ ಸುಮಾರು 1,600 ಮೀಟರ್. ಮೂರೂವರೆ ನಂದಿಯನ್ನು ಒಂದರ ಮೇಲೊಂದು ಇಟ್ಟ ಹಾಗೆ. ತುದಿಯ ಎತ್ತರ 1,910 ಮೀಟರ್. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಒಂದಿಷ್ಟು ಎತ್ತರವೇ ಇದೆ. ಆದರೆ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿನ ಮೇಲಿದೆ, ಅರ್ಧ ಬೆಟ್ಟವನ್ನು ನಿಮಗೆ ಬಸ್ಸೇ ಹತ್ತಿಸಿಕೊಟ್ಟಿರುತ್ತದೆ. ಬೆಡ್ವಾ ಇರುವುದು ಬರೀ 300 ಮೀಟರಿನಲ್ಲಿ. ಪೂರ್ತಿ ಬೆಟ್ಟ ನಿಮ್ಮ ಕಾಲಿಗೇ ಬೀಳುತ್ತದೆ.

ಬೆಡ್ವಾ ದಾರಿಯಲ್ಲಿ ಮೂರು ಬೇರೆ ಬೇರೆ ರಸ್ತೆಗಳಿವೆ ಅಂತಲೇ ತಿಳಿದುಕೊಳ್ಳಿ. ಮೊದಲ ಆರು ಕಿಮೀ ದ್ರಾಕ್ಷಿ ತೋಟ. ಆಮೇಲೆ ಒಂಬತ್ತು ಒಂಬತ್ತೂವರೆ ಕಿಮೀ ಕಾಡು. ಕೊನೆಯ ಆರು ಕಿಮೀ ಬರೀ ಬಿಳಿ ಕಲ್ಲು. ಎಲ್ಲರೂ ಕಾಡಿಗೆ ಹೆದರುತ್ತಾರೆ, ಕಲ್ಲಿಗೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಈ ಬೆಟ್ಟವನ್ನು ಜನ ಸೋಲುವುದು ಆ ಮೊದಲ ಆರು ಕಿಮೀನಲ್ಲಿ, ದ್ರಾಕ್ಷಿ ತೋಟದಲ್ಲಿ.

ಯಾಕೆ ಅಂದರೆ, ಅಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಬೆಳಗಿನ ಬಿಸಿಲು ಎಳೆಯದಾಗಿರುತ್ತದೆ. ಏರು ನೂರಕ್ಕೆ ಮೂರರಿಂದ ಐದು, ಕಣ್ಣಿಗೆ ಸಮತಟ್ಟು ಅನ್ನಿಸುವಷ್ಟು. ಎರಡೂ ಬದಿ ತೋಟ, ಎದುರಿಗೆ ಬೆಟ್ಟ. ಮೀಟರ್ 20 ತೋರಿಸುತ್ತಿರುತ್ತದೆ. ನಾನು ಆವತ್ತು ಏಳೆಂಟು ಜನರನ್ನು ಹಿಂದೆ ಹಾಕಿಕೊಂಡು ಹೋದೆ. ಸೇಂಟ್ ಎಸ್ತೆವ್ ಎಂಬಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ತಿರುಗಿದ ಕೂಡಲೇ ಏರು ಒಂಬತ್ತು ಹತ್ತಕ್ಕೆ ಹೋಗುತ್ತದೆ, ಹೋದದ್ದು ಇಳಿಯುವುದೇ ಇಲ್ಲ. ನಂದಿಯ ಹೇರ್‌ಪಿನ್‌ನಲ್ಲಿ ಹೊರಬದಿಗೆ ಬಂದರೆ ರಸ್ತೆ ಒಂದು ಗಳಿಗೆ ಚಪ್ಪಟೆಯಾಗುತ್ತದೆ, ಉಸಿರು ತಿರುಗುತ್ತದೆ, ಅಲ್ವಾ? ಈ ಕಾಡಿನಲ್ಲಿ ಅಂಥ ತಿರುವುಗಳು ತೀರಾ ಕಡಿಮೆ. ಮರಗಳ ನಡುವೆ ರಸ್ತೆ ನೇರವಾಗಿ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ರಸ್ತೆ ಬದಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲಿನಲ್ಲಿ ತುದಿಗೆ ಇನ್ನೆಷ್ಟು ದೂರ ಅಂತ ಬರೆದಿರುತ್ತದೆ. ನಾನು ಅಂಥದ್ದೊಂದು ಕಲ್ಲಿನ ಪಕ್ಕ ಸೈಕಲ್ ಮಲಗಿಸಿ ಕೂತೆ. ತೋಟದಲ್ಲಿ ನಾನು ಹಿಂದೆ ಹಾಕಿದ್ದ ಅಷ್ಟೂ ಜನ ಒಬ್ಬೊಬ್ಬರಾಗಿ ನನ್ನೆದುರು ದಾಟಿ ಹೋದರು.

ಹಾಗಾಗಿ ನನ್ನ ಮುಖ್ಯ ಸಲಹೆ ಇದೇ. ಬೆಡ್ವಾದಿಂದ ಸೇಂಟ್ ಎಸ್ತೆವ್ ತನಕ 25 ನಿಮಿಷಕ್ಕಿಂತ ಬೇಗ ಹೋಗಬೇಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ತುಳಿಯಿರಿ. ಯಾರಾದರೂ ಹಿಂದೆ ಹಾಕಿದರೆ ಹಾಕಲಿ. ತಿರುವಿಗೆ ಬರುವ ಮುಂಚೆ ಒಂದು ಬಾಳೆಹಣ್ಣು ತಿಂದು, ನೀರು ಕುಡಿದು ಮುಗಿಸಿ. ಕಾಡಿನಲ್ಲಿ ಅಗಿಯುವುದಕ್ಕೂ ಉಸಿರು ಸಾಲುವುದಿಲ್ಲ.

ಈಗ ಗೇರ್ ಲೆಕ್ಕ. ನಿಮ್ಮ ತೂಕ, ಸೈಕಲ್, ನೀರು, ಬಟ್ಟೆ ಎಲ್ಲ ಸೇರಿ 84 ಕೆಜಿ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 60 ಸುತ್ತಾದರೂ ತುಳಿಯಬೇಕು, ಅದಕ್ಕಿಂತ ಕೆಳಗಿಳಿದರೆ ಮಂಡಿಗೆ ಪೆಟ್ಟು. ನಿಮ್ಮ ಈಗಿನ 34-28ರಲ್ಲಿ 60 ಸುತ್ತು ತುಳಿದರೆ ವೇಗ ಗಂಟೆಗೆ 9.2 ಕಿಮೀ. ಒಂಬತ್ತೂವರೆ ಪರ್ಸೆಂಟ್ ಏರಿನಲ್ಲಿ ಆ ವೇಗಕ್ಕೆ ಕಾಲಿನಿಂದ ಸುಮಾರು 210 ವ್ಯಾಟ್ ಶಕ್ತಿ ಬೇಕು. ಹಿಂದೆ 34 ಹಲ್ಲಿನ ಚಕ್ರ ಇದ್ದರೆ ಅದೇ 60 ಸುತ್ತಿಗೆ ವೇಗ 7.5 ಕಿಮೀ, ಬೇಕಾಗುವುದು ಸುಮಾರು 170 ವ್ಯಾಟ್. 40 ವ್ಯಾಟ್ ವ್ಯತ್ಯಾಸ. ನಂದಿಯ ಅರ್ಧ ಗಂಟೆ ಮುಕ್ಕಾಲು ಗಂಟೆಗೆ 210 ಕೊಡಬಹುದೇನೋ. ಕಾಡಿನಲ್ಲಿ ಸುಮಾರು ಒಂದು ಗಂಟೆ ಎಡೆಬಿಡದೆ ಕೊಟ್ಟು, ಆಮೇಲೆ ಇನ್ನೂ ಆರು ಕಿಮೀ ಹೋಗಬೇಕು. 170ರಲ್ಲಿ ಅದು ಆಗುತ್ತದೆ. ಹಿಂದೆ 11-34 ಹಾಕಿಸಿ. ದೊಡ್ಡ ಚಕ್ರ ಹಾಕಿದರೆ ಸೋತ ಹಾಗೆ ಅಂತ ನಮ್ಮ ಗುಂಪುಗಳಲ್ಲಿ ಒಂದು ಮಾತಿದೆ. ಆ ಮಾತು ಮಂಡಿ ಹಾಳು ಮಾಡುತ್ತದೆ, ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ಈ ಲೆಕ್ಕದಲ್ಲಿ ನೀವು ಎರಡೂಕಾಲು ಎರಡೂವರೆ ಗಂಟೆಯಲ್ಲಿ ತುದಿಯಲ್ಲಿರುತ್ತೀರಿ. ಟೂರ್ ದ ಫ್ರಾನ್ಸ್ ಎಂಬ ಸೈಕಲ್ ಓಟದ ಮುಂಚೂಣಿಯವರು ಒಂದು ಗಂಟೆಯೊಳಗೆ ಹತ್ತುತ್ತಾರೆ. ಅದು ಬೇರೆ ಲೋಕ.

ತಯಾರಿಗೆ ಎಂಟು ವಾರ ಸಾಕು. ಹದಿನೈದು ದಿನಕ್ಕೊಂದು ನಂದಿಯನ್ನು ವಾರಕ್ಕೊಂದು ಮಾಡಿ. ಮೊದಲ ಎರಡು ವಾರ ಒಂದೇ ದಿನ ಎರಡು ಸಲ ಹತ್ತಿ, ಆಮೇಲೆ ಮೂರು ಸಲ. ಬುಡದ ತನಕ ಕಾರಿನಲ್ಲಿ ಹೋದರೂ ಪರವಾಗಿಲ್ಲ, ಬೆಂಗಳೂರಿನಿಂದ ತುಳಿದುಕೊಂಡು ಹೋಗುವ 60 ಕಿಮೀ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸೀಟಿನಿಂದ ಏಳದೆ ಹತ್ತುವುದನ್ನು ರೂಢಿ ಮಾಡಿಕೊಳ್ಳಿ. ಮೂರನೇ ಸಲ ಹತ್ತುವಾಗಲೂ ಮೊದಲ ಸಲದಷ್ಟೇ ಸಮಯ ಹಿಡಿದರೆ ನೀವು ತಯಾರು ಅಂತ ಅರ್ಥ.

ಕಾಡು ಮುಗಿಯುವಲ್ಲಿ ಶಾಲೆ ರೆನಾರ್ ಅಂತ ಒಂದು ಜಾಗ ಬರುತ್ತದೆ. ಇಲ್ಲಿ ಶಾಲೆ ಅಂದರೆ ಬೆಟ್ಟದ ಮನೆ. ಹೋಟೆಲ್ ಇದೆ, ಕಾಫಿ ಸಿಗುತ್ತದೆ. ಐದು ನಿಮಿಷ ನಿಂತರೆ ತಪ್ಪಿಲ್ಲ. ಅಲ್ಲಿಂದ ಮುಂದೆ ಮರವೇ ಇಲ್ಲ. ದೂರದಿಂದ ವರ್ಷವಿಡೀ ಹಿಮ ಬಿದ್ದ ಹಾಗೆ ಕಾಣುವುದು ಈ ಸುಣ್ಣಕಲ್ಲೇ. ಬೆಟ್ಟದ ಮರಗಳನ್ನು ಶತಮಾನಗಳ ಕಾಲ ಹಡಗು ಕಟ್ಟಲು, ಉರುವಲಿಗೆ ಕಡಿದರು. ನೀವು ಬೆವರು ಸುರಿಸಿ ಬಂದ ಆ ಕಾಡಿನ ಬಹುಭಾಗವನ್ನು 19ನೇ ಶತಮಾನದ ಉತ್ತರಾರ್ಧದಿಂದ ಈಚೆಗೆ ಮತ್ತೆ ನೆಟ್ಟದ್ದು. ತುದಿಯ ಬಿಳಿ ಗೋಪುರ ಇಲ್ಲಿಂದಲೇ ಕಾಣುತ್ತದೆ, ಹತ್ತಿರ ಬರುವುದೇ ಇಲ್ಲ ಅನ್ನಿಸುತ್ತದೆ. ಅದನ್ನು ನೋಡುತ್ತಾ ತುಳಿಯಬೇಡಿ, ಮುಂದಿನ ಕಲ್ಲು ನೋಡಿ.

ತುದಿಗೆ ಒಂದು ಒಂದೂವರೆ ಕಿಮೀ ಇರುವಾಗ ಬಲಗಡೆ ಟಾಮ್ ಸಿಂಪ್ಸನ್ ಸ್ಮಾರಕ ಇದೆ. 1967ರ ಜುಲೈ 13ರಂದು, ಟೂರ್ ನಡೆಯುತ್ತಿರುವಾಗ, ಆ ಸುಡುಬಿಸಿಲಿನಲ್ಲಿ ಈ ಬ್ರಿಟಿಷ್ ಸವಾರ ಅಲ್ಲಿ ಕುಸಿದು ಬಿದ್ದು ತೀರಿಕೊಂಡರು. ವಯಸ್ಸು 29. ಮೈಯಲ್ಲಿ ಉತ್ತೇಜಕ ಮದ್ದಿನ ಅಂಶ ಸಿಕ್ಕಿತ್ತು. ದಣಿವಿನ ಎಚ್ಚರಿಕೆಯನ್ನು ಮದ್ದು ಮುಚ್ಚಿಹಾಕಿತ್ತು, ಬಿಸಿಲು ಉಳಿದದ್ದನ್ನು ಮಾಡಿತು. ಸವಾರರು ಅಲ್ಲಿ ನೀರಿನ ಬಾಟಲಿ, ಟೋಪಿ ಇಟ್ಟು ಹೋಗುತ್ತಾರೆ. ನಾನು ಇಳಿಯುವಾಗ ನಿಂತೆ. ಹತ್ತುವಾಗ ನಿಂತರೆ ಆ ಏರಿನಲ್ಲಿ ಮತ್ತೆ ಹೊರಡುವುದು ಕಷ್ಟ.

ಇನ್ನು ಗಾಳಿ. ಇದನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಐದು ದಿನವನ್ನು ನಿರ್ಧರಿಸುವುದು ಇದೇ. ಮಿಸ್ತ್ರಾಲ್ ಅಂತ ಅದರ ಹೆಸರು. ಪಶ್ಚಿಮಕ್ಕೆ ಹೆಚ್ಚು ಒತ್ತಡ, ಇಟಲಿಯ ಜಿನೋವಾ ಕೊಲ್ಲಿಯ ಮೇಲೆ ಕಡಿಮೆ ಒತ್ತಡ ಇದ್ದಾಗ ಉತ್ತರದ ತಣ್ಣನೆಯ ಗಾಳಿ ಆಲ್ಪ್ಸ್ ಮತ್ತು ಮಧ್ಯ ಫ್ರಾನ್ಸಿನ ಬೆಟ್ಟಗಳ ನಡುವೆ ಇಕ್ಕಟ್ಟಾಗಿ, ರೋನ್ ನದಿಯ ಕಣಿವೆಯಲ್ಲಿ ಕೊಳವೆಯಿಂದ ಬಂದ ಹಾಗೆ ನುಗ್ಗುತ್ತದೆ. ಬಯಲಿನಲ್ಲೇ ಗಂಟೆಗೆ 100 ಕಿಮೀ ದಾಟುವುದುಂಟು. ಈ ಸೀಮೆಯ ಹಳೇ ತೋಟದ ಮನೆಗಳ ಉತ್ತರದ ಗೋಡೆಗೆ ಕಿಟಕಿ ಇಡುತ್ತಿರಲಿಲ್ಲ. ಹೊಲದ ಬದಿ ಸೈಪ್ರೆಸ್ ಮರಗಳನ್ನು ಪೂರ್ವ ಪಶ್ಚಿಮಕ್ಕೆ ಸಾಲಾಗಿ ನೆಟ್ಟಿರುತ್ತಾರೆ. ಎಷ್ಟೋ ಊರುಗಳ ಗಂಟೆ ಗೋಪುರದ ತುದಿ ಬರೀ ಕಬ್ಬಿಣದ ಪಂಜರ, ಗಾಳಿ ಹಾದುಹೋಗಲಿ ಅಂತ. 2016ರ ಜುಲೈ 14ರಂದು ತುದಿಯ ಗಾಳಿಗೆ ಹೆದರಿ ಟೂರ್‌ನವರೇ ಓಟದ ಕೊನೆಯನ್ನು ಶಾಲೆ ರೆನಾರ್‌ಗೆ ಇಳಿಸಿದ್ದರು. ಅವರೇ ಬೇಡ ಅಂದ ಗಾಳಿಯಲ್ಲಿ ನಾವು ಹತ್ತುವುದು ಬೇಡ.

ಆದ್ದರಿಂದ ವೆಂಟೂಗೆ ಇಂಥ ದಿನ ಅಂತ ಈಗಲೇ ಗೊತ್ತು ಮಾಡಬೇಡಿ. ಬೆಡ್ವಾದಲ್ಲಿ ಐದೂ ರಾತ್ರಿ ರೂಮ್ ಮಾಡಿ. ದಿನಾ ಸಂಜೆ ಹವಾಮಾನ ಮುನ್ಸೂಚನೆ ನೋಡಿ, ಊರಿನದ್ದಲ್ಲ, ಬೆಟ್ಟದ ತುದಿಯದ್ದು. ಗಾಳಿ ಕಡಿಮೆ ಇರುವ ದಿನ ಸಿಕ್ಕಿತಾ, ಆವತ್ತೇ ಹತ್ತಿ. ಅದು ಮೊದಲನೇ ದಿನವಾದರೂ ಸರಿ. ಬೆಳಗ್ಗೆ ಏಳೂವರೆಗೆ ಹೊರಡಿ. ಸೆಪ್ಟೆಂಬರ್ ಮಧ್ಯದಲ್ಲಿ ಅಲ್ಲಿ ಬೆಳಗಾಗುವುದೇ ಏಳು ಗಂಟೆಯ ಮೇಲೆ.

ಬೆನ್ನ ಜೇಬಿನಲ್ಲಿ ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಇರಲೇಬೇಕು. ಕೆಳಗಿಗಿಂತ ಮೇಲೆ ಹತ್ತು ಡಿಗ್ರಿ ಚಳಿ ಜಾಸ್ತಿ. ಹತ್ತುವಾಗ ಬೆವರಿನಲ್ಲಿ ತೊಯ್ದ ಅಂಗಿಯಲ್ಲಿ 60 ಕಿಮೀ ವೇಗದಲ್ಲಿ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಆಗುವುದಿಲ್ಲ. ಬ್ರೇಕ್ ವಿಷಯದಲ್ಲಿ ಇನ್ನೊಂದು ಮಾತು. ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ಳಿ ಅನ್ನುವುದು ನನ್ನ ಸಲಹೆ. ಬೆಡ್ವಾದಲ್ಲಿ ಒಳ್ಳೇ ಸೈಕಲ್‌ಗಳೇ ಸಿಗುತ್ತವೆ. ಹಿಂದೆ 34 ಹಲ್ಲಿನದು ಬೇಕು ಅಂತ ಮೊದಲೇ ಬರೆದು ಕೇಳಿ. ನಿಮ್ಮ ಶೂ, ಪೆಡಲ್, ಹೆಲ್ಮೆಟ್ ಮಾತ್ರ ಒಯ್ದರೆ ಸಾಕು. ಆದರೆ ಫ್ರಾನ್ಸಿನಲ್ಲಿ ಮುಂದಿನ ಚಕ್ರದ ಬ್ರೇಕ್ ಸಾಮಾನ್ಯವಾಗಿ ಎಡಗೈಗೆ ಇರುತ್ತದೆ, ನಮ್ಮಲ್ಲಿ ಹೆಚ್ಚಾಗಿ ಬಲಗೈಗೆ. ಅಂಗಡಿಯಲ್ಲೇ ಬದಲಾಯಿಸಿಕೊಡಲು ಕೇಳಿ. ಆಗದಿದ್ದರೆ ಅರ್ಧ ದಿನ ಬಯಲಿನಲ್ಲಿ ಓಡಿಸಿ ಕೈಗೆ ಕಲಿಸಿ. ಇಳಿಜಾರಿನಲ್ಲಿ ಗಾಬರಿಯಾದಾಗ ಕೈ ಹಳೇ ಅಭ್ಯಾಸಕ್ಕೇ ಹೋಗುತ್ತದೆ. ಇಳಿಯುವಾಗ ಬ್ರೇಕನ್ನು ಒಂದೇ ಸಮ ಎಳೆದು ಹಿಡಿಯಬೇಡಿ, ಬಿಸಿಯಾಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟುಬಿಡಿ.

ಬೆಡ್ವಾ ದಾರಿ ಬೇಡ ಅನ್ನಿಸಿದರೆ ಪೂರ್ವದ ಸೋ ಎಂಬ ಊರಿನಿಂದ ಇನ್ನೊಂದು ದಾರಿ ಇದೆ. 26 ಕಿಮೀ, ಆದರೆ ಏರು ಸರಾಸರಿ ನಾಲ್ಕೂವರೆ ಅಷ್ಟೇ. ಶಾಲೆ ರೆನಾರ್‌ನಲ್ಲಿ ಎರಡೂ ದಾರಿ ಸೇರುತ್ತವೆ. ಮಂಡಿ ನೋವಿದ್ದರೆ ಹಿಂದುಮುಂದು ನೋಡದೆ ಅದನ್ನೇ ಹಿಡಿಯಿರಿ. ಮೂರನೇ ದಾರಿ ಮಲೊಸೆನ್ ಊರಿನದ್ದು. ಇಟಲಿಯ ಕವಿ ಪೆಟ್ರಾರ್ಕ್ 1336ರ ಏಪ್ರಿಲ್ 26ರಂದು ತಮ್ಮನ ಜೊತೆ ಬೆಟ್ಟ ಹತ್ತಿದ್ದಾಗಿ ಬರೆದದ್ದು ಆ ಕಡೆಯಿಂದಲೇ. ಬೆಡ್ವಾದಷ್ಟೇ ಕಷ್ಟ, ಆದರೆ ನಡುವೆ ಉಸಿರಾಡಲು ಜಾಗ ಇದೆ.

ಉಳಿದ ನಾಲ್ಕು ದಿನ ಇದೆಯಲ್ಲ, ನನ್ನ ಮಟ್ಟಿಗೆ ಈ ಪ್ರವಾಸದ ಸವಿ ಇರುವುದೇ ಅಲ್ಲಿ. ವೆಂಟೂನ ಪಶ್ಚಿಮಕ್ಕೆ ದಾಂತೆಲ್ ಅನ್ನುವ ಚಿಕ್ಕ ಬೆಟ್ಟಸಾಲು ಇದೆ. ದಾಂತೆಲ್ ಅಂದರೆ ಲೇಸ್. ಸುಣ್ಣಕಲ್ಲಿನ ತೆಳ್ಳನೆಯ ಗೋಡೆಗಳು ನೆಲದಿಂದ ಎದ್ದು ನಿಂತ ಹಾಗೆ, ಅಂಚೆಲ್ಲ ಹಲ್ಲು ಹಲ್ಲು. ಅದರ ಬುಡದ ಸುತ್ತ ಜಿಗೊಂದಾಸ್, ವಕೆರಾಸ್, ಬೋಮ್ ದ ವೆನಿಸ್, ಸೆಗುರೆ ಊರುಗಳು. ವೈನ್ ಬಾಟಲಿಯ ಮೇಲೆ ನೋಡಿದ್ದ ಹೆಸರುಗಳು ಇಲ್ಲಿ ರಸ್ತೆ ಬೋರ್ಡಿನ ಮೇಲೆ ಬರುತ್ತವೆ. ಬೆಡ್ವಾದಿಂದ ಹೊರಟು, ಮಲೊಸೆನ್ ದಾಟಿ, ಸುಜೆತ್ ಎಂಬ ಪುಟ್ಟ ಹಳ್ಳಿಯ ಏರು ಹತ್ತಿ ಬೋಮ್ ದ ವೆನಿಸ್‌ಗೆ ಇಳಿಯಿರಿ. ಏರು ಚಿಕ್ಕದು, ಆದರೆ ಕಡಿದು. ಮೇಲೆ ಬಂದಾಗ ಒಂದು ಕಡೆ ದಾಂತೆಲ್, ಇನ್ನೊಂದು ಕಡೆ ವೆಂಟೂ ಪೂರ್ತಿಯಾಗಿ ಕಾಣುತ್ತದೆ.

ನಂದಿ ಕಡೆಯ ದ್ರಾಕ್ಷಿ ತೋಟ ನೋಡಿದ ಕಣ್ಣಿಗೆ ಅಲ್ಲಿನ ತೋಟ ವಿಚಿತ್ರ ಅನ್ನಿಸುತ್ತದೆ. ನಮ್ಮಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ತಲೆ ಮೇಲೆ ಚಪ್ಪರ. ಗೊಂಚಲು ಮೇಲಿಂದ ಜೋತಾಡುತ್ತವೆ. ಅಲ್ಲಿನ ಹಳೇ ಗ್ರೆನಾಶ್ ತಳಿಯ ಬಳ್ಳಿ ಮಂಡಿಯೆತ್ತರ. ಕಂಬವೂ ಇಲ್ಲ, ತಂತಿಯೂ ಇಲ್ಲ. ತೋಳು ದಪ್ಪದ ಕಪ್ಪು ಬುಡ, ಅದರಿಂದ ಬಟ್ಟಲಿನ ಹಾಗೆ ನಾಲ್ಕೈದು ಕೊಂಬೆ. ಗಾಳಿಗೆ ಮುರಿಯಬಾರದು, ಒಣ ನೆಲದಲ್ಲಿ ಬದುಕಬೇಕು, ಎಲೆಯ ನೆರಳು ಹಣ್ಣಿನ ಮೇಲೆ ಬೀಳಬೇಕು, ಅದಕ್ಕೇ ಹಾಗೆ ಕತ್ತರಿಸಿ ಬೆಳೆಸುತ್ತಾರೆ. ನಿಮ್ಮನ್ನು ಬೆಟ್ಟದ ಮೇಲೆ ತಳ್ಳುವ ಅದೇ ಮಿಸ್ತ್ರಾಲ್ ಮಳೆ ಬಂದ ಮೇಲೆ ಗೊಂಚಲನ್ನು ಒಣಗಿಸಿ ಬೂಜು ಹಿಡಿಯದ ಹಾಗೆ ಕಾಯುತ್ತದೆ. ಚಿಕ್ಕಬಳ್ಳಾಪುರದ ರೈತರು ಮೋಡ ಕವಿದಾಗ ಔಷಧಿ ಹೊಡೆಯಲು ಓಡುವುದನ್ನು ಕಂಡವರಿಗೆ ಆ ಗಾಳಿಯ ಬೆಲೆ ಗೊತ್ತಾಗುತ್ತದೆ.

ನೀವು ಹೋಗುವುದು ಕೊಯ್ಲಿನ ಹೊತ್ತಿಗೆ. ಸುಜೆತ್ ಕೆಳಗೆ ಒಮ್ಮೆ ನನ್ನ ಮುಂದೆ ಟ್ರಾಕ್ಟರ್ ಹೋಗುತ್ತಿತ್ತು. ಟ್ರೈಲರ್ ತುಂಬ ಕಪ್ಪು ಹಣ್ಣು. ಸಂದಿಯಿಂದ ರಸ ರಸ್ತೆಗೆ ಸೋರುತ್ತಿತ್ತು. ತಿರುವು ಬಂದಾಗ ಜಾಸ್ತಿ ಸೋರಿ ಕೆಂಪು ಪಟ್ಟೆ ಬಿದ್ದಿತ್ತು, ಅದರ ಮೇಲೆ ಕಣಜಗಳು. ಟೈರ್ ಅದರ ಮೇಲೆ ಹೋದಾಗ ಟೇಪ್ ಕಿತ್ತ ಹಾಗೆ ಸದ್ದು ಬಂತು. ಜಾಮ್ ಕುದಿಯುವಾಗಿನ ವಾಸನೆ. ಸುಮಾರು ಒಂದು ಕಿಮೀ ನಾನು ಹಿಂದೆ ಹಾಕಲೇ ಇಲ್ಲ, ಅದರ ಹಿಂದೆಯೇ ಹೋದೆ. ಚೆನ್ನಾಗಿತ್ತು, ಆದರೆ ಎಚ್ಚರಿಕೆಯೂ ಹೇಳಬೇಕು. ಟ್ರಾಕ್ಟರ್ ಚಕ್ರದಿಂದ ಬಿದ್ದ ಮಣ್ಣು ಮಳೆ ಬಂದರೆ ಸಾಬೂನಿನ ಹಾಗೆ ಜಾರುತ್ತದೆ. ತೋಟದಿಂದ ರಸ್ತೆಗೆ ದಾರಿ ಸೇರುವ ಕಡೆಯೆಲ್ಲ ನಿಧಾನ ಮಾಡಿ. 28 ಮಿಮೀ ಟೈರ್ ಇರಲಿ.

ಸೆಪ್ಟೆಂಬರ್ ಮಳೆಯನ್ನು ಹಗುರವಾಗಿ ತಗೊಳ್ಳಬೇಡಿ. ವೇಜೋ ಲಾ ರೋಮೆನ್ ಊರಿನಲ್ಲಿ ಉವೇಜ್ ನದಿಗೆ ರೋಮನ್ನರು ಕಟ್ಟಿದ ಕಮಾನು ಸೇತುವೆ ಇದೆ, ಇವತ್ತಿಗೂ ಅದರ ಮೇಲೆ ಸೈಕಲ್ ಹೋಗುತ್ತದೆ. 1992ರ ಸೆಪ್ಟೆಂಬರ್ 22ರಂದು ಕೆಲವೇ ಗಂಟೆಗಳ ಮಳೆಗೆ ಆ ನದಿ ಉಕ್ಕಿ ಎಷ್ಟೋ ಜನ ಸತ್ತರು, ಮನೆಗಳು ಕೊಚ್ಚಿಹೋದವು. ಸೇತುವೆ ಉಳಿಯಿತು. ಗುಡುಗು ಮಳೆಯ ಮುನ್ಸೂಚನೆ ಇದ್ದ ದಿನ ಕಣಿವೆಗಳ ಕಡೆ ಹೋಗಲೇಬೇಡಿ. ಒಣ ದಿನ ಸಿಕ್ಕರೆ ಮಾತ್ರ ನೆಸ್ಕ್ ಕಮರಿಗೆ ಹೋಗಿ. ಬಂಡೆ ಕೊರೆದು ಮಾಡಿದ ರಸ್ತೆ, ಏರು ತೀರಾ ಹಗುರ, ವಾಹನ ಕಡಿಮೆ. ವೆಂಟೂ ಹತ್ತಿದ ಮರುದಿನಕ್ಕೆ ಹೇಳಿ ಮಾಡಿಸಿದ ದಾರಿ.

ಊಟದ ವಿಷಯ. ಸಸ್ಯಾಹಾರಿಗೆ ಅಲ್ಲಿ ಹೊಟ್ಟೆ ತುಂಬುತ್ತದೆ, ಆದರೆ ಹೊತ್ತು ತಪ್ಪಿದರೆ ತುಂಬುವುದಿಲ್ಲ. ಮಧ್ಯಾಹ್ನ 12ರಿಂದ 2ರ ತನಕ ಹೋಟೆಲ್ ಊಟ, ಆಮೇಲೆ ಅಡುಗೆಮನೆ ಬಾಗಿಲು ಹಾಕುತ್ತಾರೆ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಮುಚ್ಚಿರುತ್ತವೆ. ಬೆಳಗ್ಗೆಯೇ ಬೇಕರಿಯಲ್ಲಿ ಆಲಿವ್ ಹಾಕಿದ ಫುಗಾಸ್ ರೊಟ್ಟಿ, ಸ್ವಲ್ಪ ಮೇಕೆ ಚೀಸ್, ಹಣ್ಣು ತಗೊಂಡು ಜೇಬಿಗೆ ಹಾಕಿಕೊಳ್ಳಿ. ಕೆಲವು ಫುಗಾಸ್‌ನಲ್ಲಿ ಹಂದಿಮಾಂಸದ ಚೂರು ಇರುತ್ತದೆ, ಕೇಳಿ. ತಾಪನಾಡ್ ಎಂಬ ಆಲಿವ್ ಚಟ್ನಿ ನೋಡಲು ನಮ್ಮದೇ ಅನ್ನಿಸುತ್ತದೆ, ಅದರಲ್ಲಿ ಸಾಮಾನ್ಯವಾಗಿ ಆಂಚೋವಿ ಮೀನು ಅರೆದಿರುತ್ತಾರೆ. ಊರಿನ ಚಿಲುಮೆಗಳಲ್ಲಿ 'ಓ ಪೊತಾಬ್ಲ್' ಅಂತಿದ್ದರೆ ಕುಡಿಯುವ ನೀರು, 'ನೋ ಪೊತಾಬ್ಲ್' ಅಂತಿದ್ದರೆ ಬೇಡ. ಬೆಟ್ಟಕ್ಕೆ ಎರಡು ಬಾಟಲಿ ತುಂಬಿಕೊಂಡೇ ಹೊರಡಿ.

ಒಬ್ಬರೇ ಹೋಗಬಹುದು. ವೆಂಟೂ ದಾರಿಯಲ್ಲಿ ನೀವು ಒಂಟಿ ಆಗುವುದೇ ಇಲ್ಲ, ಹಿಂದೆ ಮುಂದೆ ಸವಾರರು ಇದ್ದೇ ಇರುತ್ತಾರೆ. ಅಲ್ಲಿ ಬಲಗಡೆ ಓಡಿಸಬೇಕು. ವೃತ್ತಕ್ಕೆ ಬಂದಾಗ ಎಡದಿಂದ ಬರುವವರಿಗೆ ದಾರಿ ಬಿಡಬೇಕು, ನಮ್ಮ ಕಣ್ಣು ಅಭ್ಯಾಸಬಲದಿಂದ ಬಲಕ್ಕೆ ನೋಡುತ್ತದೆ. ಊರ ಹೊರಗೆ ಕಾರುಗಳು ಸೈಕಲ್ಲಿನಿಂದ ಒಂದೂವರೆ ಮೀಟರ್ ದೂರ ಬಿಟ್ಟು ಹಿಂದೆ ಹಾಕಬೇಕು ಅಂತ ಕಾನೂನಿದೆ, ಬಹಳ ಮಂದಿ ಪಾಲಿಸುತ್ತಾರೆ. ವೈನ್ ರುಚಿ ನೋಡುವುದಾದರೆ ಸೈಕಲ್ ನಿಲ್ಲಿಸಿದ ಮೇಲೆ, ಸಂಜೆಗೆ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಎಂಬ ಮಿತಿ ಸೈಕಲ್ ಸವಾರರಿಗೂ ಇದೆ. ತುರ್ತು ಕರೆಗೆ 112. ದಿನಾ ಹೊರಡುವ ಮುಂಚೆ ಮಗಳಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮೆಸೇಜ್ ಹಾಕಿ.

ಲಿಯೋನ್‌ನಿಂದ ಅವಿನ್ಯೋನ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಕಾರ್ಪಾಂತ್ರಾಗೆ ಲೋಕಲ್ ರೈಲು, ಅಲ್ಲಿಂದ ಬೆಡ್ವಾ ಸುಮಾರು 15 ಕಿಮೀ. ಸಾಧ್ಯವಾದರೆ ಭಾನುವಾರ ಸಂಜೆಯೊಳಗೆ ಊರು ಸೇರಿ. ಸೋಮವಾರ ಬೆಳಗ್ಗೆ ಬೆಡ್ವಾದಲ್ಲಿ ಸಂತೆ. ಆ ತಿಂಗಳು ಮಸ್ಕಾ ದ್ಯು ವೆಂಟೂ ಅನ್ನುವ ಕಪ್ಪು ದ್ರಾಕ್ಷಿ ಬಂದಿರುತ್ತದೆ. ವೈನಿಗಲ್ಲ, ತಿನ್ನುವ ಹಣ್ಣು. ಬೆಟ್ಟದ ಬುಡದಲ್ಲೇ ಬೆಳೆಯುತ್ತದೆ. ಒಂದು ಗೊಂಚಲು ತಗೊಂಡು ಚಿಲುಮೆಯಲ್ಲಿ ತೊಳೆದು ಬಾಯಿಗೆ ಹಾಕಿಕೊಳ್ಳಿ. ಒಳಗೆ ಬೀಜ ಇದೆ. ನಮ್ಮ ಬೆಂಗಳೂರು ನೀಲಿ ತಿಂದು ಬೆಳೆದವರಿಗೆ ಅದೇನೂ ಹೊಸದಲ್ಲ.